ಗೋಡೆಯಾಚೆಯ ಅತ್ತೆ, ಅಮುಗೆಯ ಹೆಂಡ

ಮೊಮ್ಮಗಳು ಹೆಂಡವನ್ನು ಥೂ ಎಂದು ಉಗಿದಾಗ ಒಜಿಲಾಂಗನ ಮುಖ ನೋಡಬೇಕಿತ್ತು. ಇಂಗು ತಿಂದ ಮಂಗನೂ ಅದಕ್ಕಿಂತ ಮೇಲು.

ತೇಸೋ ಸೀಮೆಯಲ್ಲಿ ಹೆಸರಿಡುವುದೇ ಹಾಗೆ. ಮಗುವಿನ ಅಪ್ಪನ ತಾಯಿ ಅಜೊನ್‌ನಲ್ಲಿ, ಅಂದರೆ ರಾಗಿ ಹೆಂಡದಲ್ಲಿ, ಬೆರಳು ಅದ್ದಿ ಮಗುವಿನ ಬಾಯಿಗಿಟ್ಟು ಹಿರಿಯರ ಹೆಸರು ಕೂಗುತ್ತಾಳೆ. ಯಾವ ಹೆಸರಿಗೆ ಮಗು ಬೆರಳು ಚೀಪುತ್ತದೋ ಅದೇ ಅದರ ಹೆಸರು. ಒಜಿಲಾಂಗನ ಹೆಂಡತಿ ಅಕುರುಟ್ "ಅಮುಗೆ" ಎಂದಳು, ಮಗು ಉಗಿಯಿತು. ಮತ್ತೆ "ಅಮುಗೆ" ಎಂದಳು, ಹಟ್ಟಿ ಹಾರಿಹೋಗುವ ಹಾಗೆ ಕಿರುಚಿತು. ಬೇರೆ ಹೆಸರು ಕೂಗಲು ಒಜಿಲಾಂಗ ಬಿಡಲೊಲ್ಲ. ಅಮುಗೆ ಅವನ ಹೆತ್ತವ್ವ. ದನಗಳ್ಳರ ಹಾವಳಿಗೆ ಊರಿಗೆ ಊರೇ ನಿರಾಶ್ರಿತರ ಶಿಬಿರ ಸೇರಿದ್ದಾಗ ಅಲ್ಲೇ ಕಣ್ಣು ಮುಚ್ಚಿದವಳು. ಆ ಹೆಸರನ್ನು ತನ್ನ ಅಂಗಳದಲ್ಲಿ ಇನ್ನೊಮ್ಮೆ ಕೂಗಿ ಕರೆಯಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ.

"ಮುದುಕಿಗೆ ಬರೋಕೆ ಮನಸ್ಸಿಲ್ಲ ಕಣೋ" ಎಂದ ನೆರೆಮನೆಯ ಒಮಾರಿಯ.

"ಮನಸ್ಸಿಲ್ದೆ ಏನು? ಈ ಹೆಂಡಕ್ಕೆ ಯಾರು ಬರ್ತಾರೆ! ಸಂತೆ ಯೀಸ್ಟು ಹಾಕಿ ಗಡಿಬಿಡೀಲಿ ಹುಳಿಸಿದ್ದು. ಅವ್ವ ಇದನ್ನ ಹಂದಿಗೂ ಹಾಕ್ತಿರ್ಲಿಲ್ಲ. ಅವಳ ಕಾಲದ ಅಜೊನ್ ಇಡಿ, ಓಡಿ ಬರ್ತಾಳೆ."

ಆ ಹೆಂಡ ಮಾಡಿದವಳು ಅಕುರುಟ್. ಅವಳು ಸುಮ್ಮನಿರುವ ಪೈಕಿಯೇ?

"ಹಂಗಾದ್ರೆ ನೀನೇ ಮಾಡ್ಕೊ ನನ್ ರಾಜ! ಇಷ್ಟು ವರ್ಷ ಇದನ್ನೇ ಹೀರಿ ಅಂಗಳದಲ್ಲಿ ಗೊರಕೆ ಹೊಡೆದೋರು ಯಾರು ಅಂತ ಹೇಳ್ಲಾ? ಸುಗ್ಗಿ ಮುಗಿಯೋವರೆಗೂ ಕಾಯ್ತೀನಿ. ಆಮೇಲೆ ಯಾವ ಹೆಸ್ರಿಗೆ ಚೀಪ್ತದೋ ಅದೇ ಹೆಸ್ರು. ಮಗೂನ ಎಷ್ಟು ದಿನ 'ಏ ಇವಳೇ' ಅಂತ ಕರೆಯೋದು?"

ಹೆಂಡ ಮಾಡುವುದು ಹೆಂಗಸರ ಕೆಲಸ, ಕುಡಿಯುವುದು ಎಲ್ಲರ ಕೆಲಸ. ಮಾವಿನ ಮರದಡಿ ಸೈಕಲ್ ರಿಪೇರಿ ಮಾಡುತ್ತಿದ್ದ ಗಂಡಸು ರಾಗಿ ಮೊಳಕೆ ಕಟ್ಟಲು ಕೂತದ್ದೇ ತಡ, ಊರಿಗೆಲ್ಲ ಹಬ್ಬ. "ಒಜಿಲಾಂಗಾ, ಲಂಗ ಬೇಕಿದ್ರೆ ಹೇಳು, ನನ್ನ ಹೆಂಡ್ತೀದು ಕೊಡಿಸ್ತೀನಿ" ಎಂದು ಒಮಾರಿಯ ದಿನಾ ಬಂದು ಕೇಳಿಹೋಗುತ್ತಿದ್ದ. ಒಜಿಲಾಂಗ ಕೇಳಿದರೆ ತಾನೆ! ಹಿಟ್ಟು ಕಲಸಿ ಗುಂಡಿಯಲ್ಲಿ ಹುಳಿಗಿಟ್ಟ. ಹುಳಿಹಿಟ್ಟನ್ನು ಹುರಿದ, ಒಣಗಿಸಿದ, ಮೊಳಕೆ ಹಿಟ್ಟು ಬೆರೆಸಿ ಗುಡಾಣಕ್ಕೆ ತುಂಬಿದ. ಯೀಸ್ಟು ಮುಟ್ಟಲಿಲ್ಲ.

ತೊಂದರೆ ಇದ್ದದ್ದು ಬೇರೆ. ಅಮುಗೆಯ ಹೆಂಡದ ರುಚಿ ನಾಲಗೆಯಲ್ಲಿ ಉಳಿದಿದ್ದ ಜೀವ ಊರಿಗೆಲ್ಲ ಒಂದೇ: ಅಕುರುಟಳ ತಾಯಿ ಅಗುಟಿ. ಬೀಗಿತ್ತಿಯರಿಬ್ಬರೂ ಒಂದೇ ಮಡಕೆಗೆ ಉದ್ದದ ಕೊಳವೆ ಇಳಿಸಿ ಸಂಜೆಗಟ್ಟಲೆ ಊರವರ ಚಾಡಿ ಹೇಳಿಕೊಂಡು ಕುಡಿದವರು. ಆದರೆ ಅಳಿಯನಾದವನು ಅತ್ತೆಯ ಎದುರು ನಿಲ್ಲುವಂತಿಲ್ಲ, ನೇರ ಮಾತಾಡುವಂತಿಲ್ಲ, ಒಂದೇ ಮಡಕೆಯಲ್ಲಿ ಕುಡಿಯುವುದಂತೂ ಕೇಳಲೇಬೇಡಿ. ಹೀಗಾಗಿ ಮುದುಕಿ ಅಡುಗೆ ಗುಡಿಸಲ ಗೋಡೆಯಾಚೆ ಕೂತಳು, ಅಳಿಯ ಈಚೆ ಕೂತ. ಅಕುರುಟ್ ಗುಡಾಣದ ಹೆಂಡವನ್ನು ಬೇರೆ ಮಡಕೆಗೆ ಹಾಕಿ ಬಿಸಿನೀರು ಬೆರೆಸಿ ಅಮ್ಮನಿಗೆ ಒಯ್ದಳು.

"ನಿನ್ನ ಗಂಡಂಗೆ ಹೇಳೇ, ಪಾತ್ರೆ ತೊಳೆದ ನೀರು ಚೆಲ್ಲೋಕೆ ಮೂಲೇಲಿ ಜಾಗ ಇದೆ ಅಂತ."

ಗೋಡೆ ಇದ್ದದ್ದು ಕಣ್ಣಿಗೆ. ಕಿವಿಗಲ್ಲ. ಅಕುರುಟ್ ಆದರೂ ಈಚೆ ಬಂದು ಪ್ರತಿ ಮಾತನ್ನೂ ಸವಿಸವಿದು ಒಪ್ಪಿಸಿದಳು.

ಒಜಿಲಾಂಗ ಬಿಳಿ ರಾಗಿ ಬಿಟ್ಟು ಹಳೇ ಕರಿ ರಾಗಿಯನ್ನು ಹುಡುಕಿ ದೂರದ ಸೆರೆರೆ ಊರಿನವರೆಗೆ ಸೈಕಲ್ ತುಳಿದ. ಒಬ್ಬಳು ಅಜ್ಜಿ ಕೋಳಿಗಳಿಗೆಂದು ಉಳಿಸಿಕೊಂಡಿದ್ದಳು, ಕೋಳಿಗಳ ಪುಣ್ಯ! ಆ ಹೆಂಡಕ್ಕೆ ಗೋಡೆಯಾಚೆಯಿಂದ "ಹ್ಞೂಂ, ಇದು ಕುಡಿಯೋ ವಸ್ತು ಅಂತ ಗೊತ್ತಾಗ್ತದೆ" ಎಂದು ಬಂತು. ಮುಂದಿನ ಸಲ ಹಿಟ್ಟನ್ನು ತಗಡು ಬಿಟ್ಟು ಮಣ್ಣಿನ ಓಡಿನಲ್ಲಿ ಹುರಿದ. ಮುದುಕಿ ಅರ್ಧ ಮಡಕೆ ಇಳಿಸಿದ ಮೇಲೇ ಬಾಯಿ ಬಿಟ್ಟಳು. ಒಜಿಲಾಂಗ ಗೋಡೆಗೆ ಕಿವಿ ಹಚ್ಚಿದ.

"ಎಲ್ಲಾ ಇದೆ ಕಣೇ. ಆದ್ರೆ ಬೀಗಿತ್ತಿ ಹೆಂಡ ಕುಡಿದ್ರೆ ಮೂಗಲ್ಲಿ ಹೊಗೆ ಆಡ್ತಿತ್ತು. ಇದ್ರಲ್ಲಿ ಅದಿಲ್ಲ."

ಒಜಿಲಾಂಗ ದಿನ ಎಣಿಸಿದ. ಸುಗ್ಗಿ ಆಗಲೇ ಮುಗಿಯುತ್ತ ಬಂದಿತ್ತು. ಹೊಗೆ! ಓಡಿನ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ ಅವ್ವ ಎದುರಿಗೇ ಬಂದಂತಾಯಿತು. ಪುಟ್ಟವನಾಗಿದ್ದ ತಾನು ಅವಳ ಕಣ್ಣೊರೆಸಿ "ಯಾಕವ್ವ ಅಳ್ತೀಯ?" ಎಂದಿದ್ದ. "ಅಳು ಅಲ್ವೋ ಪೆದ್ದೇ, ಹಸೀ ಹುಣಸೆ ಸೌದೆ ಕಣೋ" ಎಂದು ನಕ್ಕಿದ್ದಳು. ತಾನೋ, ಜಾಣನ ಹಾಗೆ ಒಳ್ಳೇ ಇದ್ದಿಲು ಆರಿಸಿ ಆರಿಸಿ ಉರಿ ಹಾಕಿದ್ದ!

ಮರುದಿನ ಹಸಿ ಹುಣಸೆ ಕೊಂಬೆ ಕಡಿದು ತಂದು ಒಲೆಗೆ ತುಂಬಿದ. ಹೊಗೆ ಎದ್ದ ರಭಸಕ್ಕೆ ಕೋಳಿಗಳು ಒಮಾರಿಯನ ಹಟ್ಟಿಗೆ ವಲಸೆ ಹೋದವು.

"ಹಸೀ ಸೌದೆ ಯಾವನಾದ್ರೂ ಉರಿಸ್ತಾನೇನೋ, ತಲೆ ನೆಟ್ಟಗಿದ್ಯಾ?" ಎಂದು ಒಮಾರಿಯ ಕೆಮ್ಮುತ್ತ ಕೂಗಿದ.

ಒಜಿಲಾಂಗ ಧಾರಾಕಾರ ಕಣ್ಣೀರು ಸುರಿಸುತ್ತ ಹಿಟ್ಟು ಮಗುಚಿದ. ಅದರಲ್ಲಿ ಹೊಗೆಯದೆಷ್ಟು, ಅವ್ವನದೆಷ್ಟು ಅಂತ ಅವನಿಗೂ ಗೊತ್ತಾಗಲಿಲ್ಲ. ಆದರೂ ಬಹಳ ಸುಖವಾಗಿತ್ತು.

ಅಕುರುಟ್ ಕೊಟ್ಟ ಗಡುವಿನ ದಿನ ಬಂದೇಬಿಟ್ಟಿತು. ಅಂಗಳದ ತುಂಬ ಜನ. ಹೆಂಡ ಇನ್ನೂ ಯಾರ ನಾಲಗೆಗೂ ಬಿದ್ದಿರಲಿಲ್ಲ. ಮೊದಲ ಮಡಕೆ ಗೋಡೆಯಾಚೆ ಹೋಯಿತು, ಎರಡನೆಯದು ಮಗುವಿನ ಮುಂದೆ. ಅಕುರುಟ್ ಬೆರಳು ಅದ್ದಿ ಮಗುವಿನ ತುಟಿಗಿಟ್ಟಳು. ಗಂಡನ ಕಡೆ ಒಮ್ಮೆ ನೋಡಿ, ಪಾಪ ಎನ್ನಿಸಿ, ಒಂದು ಗಳಿಗೆ ತಡೆದಳು. ಹೆಸರು ಕೂಗಲು ಅವಳಿನ್ನೂ ಬಾಯಿ ತೆರೆದಿರಲಿಲ್ಲ, ಗೋಡೆಯಾಚೆಯಿಂದ ಅಗುಟಿಯ ದನಿ ಚೀರಿತು:

"ಅಮುಗೇ! ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ, ಮಾರಾಯ್ತಿ!"

ಮಗು ಬೆರಳನ್ನು ಕಚ್ಚಿ ಹಿಡಿದು ಚೀಪತೊಡಗಿತು. ಅಕುರುಟ್ ಎಳೆದರೂ ಬಿಡಲೊಲ್ಲದು.

ಹೆಂಗಸರ ಉಲುಲುಲು ಕೇಕೆ ಮುಗಿಲು ಮುಟ್ಟಿತು. ಒಮಾರಿಯ ಕುಣಿದ. ಒಜಿಲಾಂಗ ಮಗುವನ್ನು ಎತ್ತಿಕೊಂಡು "ಅಮುಗೆ" ಎಂದ. ಮತ್ತೆ "ಅಮುಗೆ" ಎಂದ. ಮೂರನೆಯ ಸಲ ಅಂಗಳದಾಚೆಗೂ ಕೇಳುವ ಹಾಗೆ ಕೂಗಿದ. ಆಗ ಗೋಡೆಯಾಚೆ ಕೊಳವೆಯಿಂದ ಮಡಕೆ ತಳ ಕೆರೆಯುವ ಸದ್ದು ಕೇಳಿಸಿತು.

"ನಿನ್ನ ಗಂಡಂಗೆ ಹೇಳೇ, ಹುಳಿ ಒಂಚೂರು ಜಾಸ್ತಿ ಆಗಿದೆ. ಇನ್ನೊಂದು ಮಡಕೆ ಕಳಿಸ್ಲಿ."