ಕುಂಕುಮ ಹಚ್ಚಿದ ಗ್ರಾಫಿಕ್ಸ್ ಕಾರ್ಡ್

ಆ ಖಂಡೇಪೂಜೆಯ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ನಾನು ಕಂಪ್ಯೂಟರಿಗೆ ಒದ್ದೆ, ಮಗಳ ಕೆನ್ನೆಗೆ ಹೊಡೆದೆ, ಅಂಗಡಿಯವನೊಬ್ಬನ ಕೊರಳಪಟ್ಟಿ ಹಿಡಿದೆ. ಜಂಬದಿಂದ ಹೇಳುತ್ತಿಲ್ಲ. ಹೇಳದಿದ್ದರೆ ಒಳಗೇ ಕೊಳೆಯುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

ನನ್ನ ಕೈ ನಮ್ಮವ್ವನ ಕೈ. ಧಾರವಾಡದ ನಮ್ಮ ಓಣಿಗೆಲ್ಲ ಆ ಕೈಯ ಪರಿಚಯವಿತ್ತು. ಸೌಟು ಸಿಕ್ಕರೆ ಸೌಟು, ಲಟ್ಟಣಿಗೆ ಸಿಕ್ಕರೆ ಲಟ್ಟಣಿಗೆ, ಏನೂ ಸಿಗದಿದ್ದರೆ ಬರಿಗೈ. ಒಮ್ಮೆ ಊದುಗೊಳವೆಯ ಏಟಿಗೆ ನನ್ನ ಮೊಣಕೈ ಬಾತು ಎಂಟು ದಿನ ಬರೆಯಲಾಗಲಿಲ್ಲ. ಆಮೇಲೆ ಅವಳೇ ಅರಿಶಿನ ಬಿಸಿ ಮಾಡಿ ಹಚ್ಚಿ, ಅಳುತ್ತ ತುತ್ತು ಮಾಡಿ ಉಣಿಸಿದಳು. ಆದರೆ ಏಟಿಗಿಂತ ಹೆಚ್ಚು ನೆನಪಿರುವುದು ಬೇರೆ. ಅವ್ವ ಹಲಗೆಯ ಮೇಲಿನ ಡಬ್ಬಿ ತೆಗೆಯಲು ಕೈ ಎತ್ತಿದರೂ ಸಾಕು, ನಾನು ಕಣ್ಣು ಮುಚ್ಚಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಗ್ಗಿಬಿಡುತ್ತಿದ್ದೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಆಣೆ ಮಾಡಿದೆ: ಈ ಕೂಸು ನನ್ನ ಕೈ ಕಂಡು ಎಂದೂ ಕಣ್ಣು ಮುಚ್ಚಬಾರದು. ಹದಿನಾಲ್ಕು ವರ್ಷ ಆ ಆಣೆ ಉಳಿಸಿಕೊಂಡಿದ್ದೆ. ಅದರಲ್ಲಿ ಕಡೆಯ ಎರಡು ವರ್ಷ ಒಂದು ಆಟದ ದೆಸೆಯಿಂದ.

ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬೇಡವೆಂದು ತೆಗೆದಿಟ್ಟರೆ ಸಾಹೇಬರು ಒದರುತ್ತಾರೆ, ಪಾಸು ಮಾಡಿದರೆ ಗಿರಾಕಿ ಒದರುತ್ತಾನೆ. ಎರಡನ್ನೂ ನುಂಗಿಕೊಂಡು ಕಂಪನಿ ಬಸ್ಸಿನಲ್ಲಿ ಮನೆಯಿರುವ ಕೋಥರೂಡಿಗೆ ಬಂದು ಇಳಿಯುವ ಹೊತ್ತಿಗೆ ಕೈ ಜುಮುಜುಮು ಅನ್ನುತ್ತಿತ್ತು. ಪಾತ್ರೆ ಕುಕ್ಕುತ್ತಿದ್ದೆ, ಬಾಗಿಲು ಬಡಿಯುತ್ತಿದ್ದೆ. ಮಗಳು ನೋಡಿದಳು, ನೋಡಿದಳು, ಒಂದು ದಿನ ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದಳು.

“ಅಮ್ಮಾ, ಇವರನ್ನ ಕಡಿ. ಎಷ್ಟ್ ಕಡಿದ್ರೂ ಇವರು ಯಾರ ಮುಂದೂ ಹೇಳಂಗಿಲ್ಲ.”

ಎರಡು ಕೈಯಲ್ಲಿ ಎತ್ತಬೇಕಾದ ಕತ್ತಿ. ಎದುರಿಗೆ ಸಾಲು ಸಾಲು ರಾಕ್ಷಸರು. ತಲೆ ಹಾರಿ ಗೋಡೆಗೆ ಬಡಿಯುತ್ತದೆ, ಎಲುಬು ಲಟಕ್ಕನೆ ಮುರಿಯುತ್ತದೆ, ರಕ್ತ ಪರದೆಗೆಲ್ಲ ಸಿಡಿಯುತ್ತದೆ. ಮೊದಲ ದಿನವೇ ನಮ್ಮ ಸಾಹೇಬರನ್ನು ಹದಿನೇಳು ಸಲ ಕಡಿದೆ. ಅಬ್ಬಾ, ಏನು ಸುಖ ಅದು! ಮಗಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು “ಎಡಕ್ಕ ಸರಿ ಅಮ್ಮಾ! ಈಗ ಹೊಡಿ, ಹೊಡಿ!” ಎಂದು ಕೂಗುತ್ತಿದ್ದಳು. ಪ್ರತಿ ಭಾನುವಾರ ಮಧ್ಯಾಹ್ನ ಇದೇ. ನನ್ನ ಸಿಟ್ಟಿಗೆ ದಾರಿ ತೋರಿಸಿದವಳೇ ಅವಳು.

ಆಟದ ಹೊಸ ಭಾಗ ಬಂದಾಗ ನಮ್ಮ ಹಳೆಯ ಕಂಪ್ಯೂಟರಿಗೆ ಅದನ್ನು ಎಳೆಯಲಾಗಲಿಲ್ಲ. ಆಟದ ಚಿತ್ರಗಳನ್ನು ಪರದೆಗೆ ಕಳಿಸಲು ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಯಿತು. ಮನೆ ಹತ್ತಿರದ ಕಂಪ್ಯೂಟರ್ ಅಂಗಡಿಯವನು ಬಂದು ಕೂರಿಸಿಕೊಟ್ಟ. ಹದಿನೈದು ದಿನ ಬೆಣ್ಣೆಯ ಹಾಗೆ ಓಡಿತು. ಕಡೆಯ ರಾಕ್ಷಸನೊಬ್ಬ ಉಳಿದಿದ್ದ. ಅವನನ್ನು ಖಂಡೇಪೂಜೆಯ ರಜೆಗೆ ಎಂದು ಇಬ್ಬರೂ ಮಾತಾಡಿಕೊಂಡು ಇಟ್ಟಿದ್ದೆವು.

ಆ ಬೆಳಿಗ್ಗೆ ಈಳಿಗೆ, ಚಾಕು, ಸ್ಕೂಟರಿನ ಜತೆ ಕಂಪ್ಯೂಟರನ್ನೂ ಪೂಜೆಗೆ ಇಟ್ಟೆ. ಎಲ್ಲ ವೈರು ಕಿತ್ತು, ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿದೆ. ಕಂಪ್ಯೂಟರ್ ಡಬ್ಬಿಯ ಹಿಂದೆ ಕಾರ್ಡಿಗೆ ವೈರು ಹಾಕುವ ತೂತುಗಳು ಕಾಣುವಲ್ಲಿ ಮಾತ್ರ ಢಾಳಾಗಿ ಕುಂಕುಮ ಕಲಸಿ ಹಚ್ಚಿ, ಒಂದು ಚೆಂಡುಹೂವನ್ನೂ ಸಿಕ್ಕಿಸಿದೆ. ನಮ್ಮ ಖಡ್ಗ ಅದೇ ಅಲ್ಲವೇ! ನನ್ನ ಗಂಡ ಬ್ಯಾಂಕಿನಲ್ಲಿ ಗುಮಾಸ್ತರು, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಆರತಿ ಎತ್ತಿ ಹೇಳಿದರು: “ಪೂಜಿಗೆ ಇಟ್ಟದ್ದು ಇವತ್ತ ಮುಟ್ಟಬಾರದು. ನಾಳೆ ಬನ್ನಿ ಮುಡದ ಮ್ಯಾಲೆ ಚಾಲೂ ಮಾಡು.”

“ನೀವು ಸುಮ್ನಿರ್ರಿ” ಅಂದೆ.

ಮುಟ್ಟಬಾರದ್ದನ್ನು ಮುಟ್ಟಿದರೂ ಪೂಜೆಯ ಕುಂಕುಮ ಅಳಿಸಬಾರದೆಂಬ ಭಯ ಇತ್ತಲ್ಲ. ಕಾರ್ಡಿನ ತೂತಿನ ಸುತ್ತ ಕುಂಕುಮ ಇನ್ನೂ ಹಸಿಯಾಗಿತ್ತು. ಅದಕ್ಕಿಂತ ಗೇಣು ಮೇಲೆ ಅಂಥದ್ದೇ ಇನ್ನೊಂದು ತೂತು ಖಾಲಿ ಇತ್ತು. ಮಾನಿಟರಿನ ವೈರನ್ನು ಅದಕ್ಕೆ ಹಾಕಿದೆ, ಸಲೀಸಾಗಿ ಕೂತಿತು, ಪರದೆ ಬೆಳಗಿತು. ಕುಂಕುಮವೂ ಉಳಿಯಿತು, ಕೆಲಸವೂ ಆಯಿತು ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆಟ ತೆರೆದರೆ ನಡುಪರದೆಯಲ್ಲಿ ಒಂದು ಬೂದು ಚೌಕ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಈ ಆಟಕ್ಕೆ ಹೊಂದುವುದಿಲ್ಲ, ಅಂತ. ಅಲಾ ಇದರ! ನಿನ್ನೆಯ ತನಕ ಹೊಂದಿದ್ದು ಇವತ್ತೇನಾಯಿತು? ಬಂದ್ ಮಾಡಿ ಚಾಲೂ ಮಾಡಿದೆ. ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಆಟವನ್ನೇ ಅಳಿಸಿ ಮತ್ತೆ ಇಳಿಸಿದೆ, ಅದಕ್ಕೊಂದು ತಾಸು. ಇಂಟರ್‌ನೆಟ್ಟಿನಲ್ಲಿ ಒಬ್ಬ ಹಾಗೆ ಮಾಡು ಅಂದ, ಇನ್ನೊಬ್ಬ ಅವನಿಗೆ ಬೈದು ಹೀಗೆ ಮಾಡು ಅಂದ. ಎರಡನ್ನೂ ಮಾಡಿದೆ. ಅದೇ ಬೂದು ಚೌಕ, ಅದೇ ಮಾತು. ತಿರಸ್ಕರಿಸುವುದು ನನ್ನ ಕೆಲಸ, ಇಲ್ಲಿ ಒಂದು ಡಬ್ಬಿ ನನ್ನನ್ನೇ ತಿರಸ್ಕರಿಸುತ್ತಿದೆ. ಸಿಟ್ಟು ನೆತ್ತಿಗೇರಿತು. ಕೀಬೋರ್ಡ್ ಎತ್ತಿ ಮೇಜಿಗೆ ಅಪ್ಪಳಿಸಿದೆ, ನಾಲ್ಕು ಗುಂಡಿ ಹಾರಿ ದೇವರ ಮುಂದೆ ಬಿದ್ದವು. ಡಬ್ಬಿಗೆ ಒದ್ದೆ. ಹೆಬ್ಬೆರಳ ಉಗುರು ಸೀಳಿತು, ನೋವಿಗೆ ಇನ್ನೊಮ್ಮೆ ಒದ್ದೆ.

ಮಗಳು ಹಿಂದೆ ನಿಂತು ಬಗ್ಗಿ ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು.

“ಅಮ್ಮಾ, ವಾಯರ್ ಬರೋಬ್ಬರಿ ಹಾಕೀಯೇನು?”

ತಿರುಗಿ ಹೊಡೆದೆ.

ಯೋಚಿಸಿ ಹೊಡೆದದ್ದಲ್ಲ ಎನ್ನಲೇ? ಅವ್ವನೂ ಹಾಗೇ ಹೇಳುತ್ತಿದ್ದಳು. ಅಂಗೈ ತುಂಬಿ ಬಿದ್ದ ಏಟು. ಅವಳ ತಲೆ ಬಾಗಿಲ ಚೌಕಟ್ಟಿಗೆ ತಾಗಿತು, ಕಿವಿಯೋಲೆಯ ತಿರುಪು ಕುತ್ತಿಗೆಗೆ ಚುಚ್ಚಿ ಒಂದು ಹನಿ ರಕ್ತ ಬಂತು. ನನ್ನ ಬೆರಳಿಗೆ ಪೂಜೆಯ ಕುಂಕುಮ ಇನ್ನೂ ಅಂಟಿತ್ತು. ಅವಳ ಕೆನ್ನೆಯ ಮೇಲೆ ನಾಲ್ಕು ಕೆಂಪು ಗೆರೆ, ಕುಂಕುಮದ್ದು ಯಾವುದು, ಹೊಡೆತದ್ದು ಯಾವುದು, ಗೊತ್ತಾಗುತ್ತಿರಲಿಲ್ಲ.

“ನನಗs ಕಲಸ್ತೀಯೇನು? ನೀನs ಏನೋ ಮಾಡಿ ಕೆಡಿಸೀದಿ!” ಎಂದು ಅದರ ಮೇಲೆ ಕೂಗಾಡಿದೆ. ಅವಳು ಅಳಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಂಡ ಅಡುಗೆಮನೆಯಿಂದ ಓಡಿ ಬಂದರು. “ಏನಿದು? ಸಿಟ್ಟಿನ್ಯಾಗ ಕೊಯ್ದ ಮೂಗು ಸಮಾಧಾನದಾಗ ಬರ್ತದೇನು?” ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ನಡೆದೆ. ನಾನು ತಪ್ಪು ಮಾಡಿದೆನೆಂದು ಆಗಲೇ ಗೊತ್ತಿತ್ತು. ಅದಕ್ಕೇ ತಪ್ಪಿತಸ್ಥನೊಬ್ಬ ತುರ್ತಾಗಿ ಬೇಕಾಗಿದ್ದ.

ಅಂಗಡಿಯಲ್ಲೂ ಪೂಜೆ ಮುಗಿದಿತ್ತು. ಅವನು ಹಬ್ಬದ ಬಿಳಿ ಅಂಗಿ ತೊಟ್ಟು ಪೇಢೆ ಹಂಚುತ್ತಿದ್ದ. “ಫಸವಲಂತ ಮಲಾ!” ಎಂದು ಮರಾಠಿಯಲ್ಲಿ ಚೀರಿದೆ, ನನಗೆ ಮೋಸ ಮಾಡಿದಿರಿ, ಕೆಟ್ಟ ಕಾರ್ಡು ಕೊಟ್ಟಿರಿ, ಎಂದು. ಅವನು ಬಾಯಿ ತೆರೆಯುವ ಮೊದಲೇ ಗಾಜಿನ ಕಟ್ಟೆಗೆ ಅಂಗೈ ಬಡಿದೆ. ಗಾಜು ಅಡ್ಡಕ್ಕೆ ಸೀಳಿತು, ನನ್ನ ಅಂಗೈಯೂ ಸೀಳಿತು. ಆ ಕೈಯಲ್ಲೇ ಅವನ ಕೊರಳಪಟ್ಟಿ ಹಿಡಿದು ಎಳೆದೆ. ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಪೇಢೆ ತಿನ್ನುತ್ತಿದ್ದ ಮುದುಕರೊಬ್ಬರು ಗೋಡೆಗೆ ಸರಿದು ನಿಂತರು.

ಅವನು ಕೈ ಎತ್ತಲಿಲ್ಲ. ನನ್ನ ಮುಷ್ಟಿಯೊಳಗಿಂದಲೇ, ಉಸಿರು ಕಟ್ಟಿದ ದನಿಯಲ್ಲಿ ಕೇಳಿದ.

“ತಾಈ, ಮಾನಿಟರ್‌ಚೀ ವಾಯರ್ ಕುಠೇ ಲಾವಲೀ?”

ಮಾನಿಟರಿನ ವೈರು ಎಲ್ಲಿ ಹಾಕಿದಿರಿ? ಮಗಳು ಕೇಳಿದ್ದೂ ಅದನ್ನೇ. ಹಿಂದೆ ಎರಡು ತೂತು ಇರುತ್ತವೆ, ಮೇಲಿನದಕ್ಕೆ ಹಾಕಿದರೆ ಹೊಸ ಕಾರ್ಡಿಗೆ ಕೆಲಸವೇ ಇಲ್ಲ, ಆಟಕ್ಕೆ ಕಂಪ್ಯೂಟರಿನೊಳಗಿನ ಹಳೆಯ ಗ್ರಾಫಿಕ್ಸ್ ಚಿಪ್ ಮಾತ್ರ ಕಾಣುತ್ತದೆ ಎಂದ. ಅವನು ಹೇಳಿ ಮುಗಿಸುವ ಮೊದಲೇ ನನ್ನ ಕೈ ಸಡಿಲಾಯಿತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೇ ಒಡೆದು ಬಂದಿದ್ದೆ. ಅವನು ಗಾಜು ಒರೆಸುವ ಬಟ್ಟೆ ಹರಿದು ನನ್ನ ಅಂಗೈಗೆ ಕಟ್ಟಿದ. ಅದಕ್ಕಿಂತ ನನ್ನ ಕೆನ್ನೆಗೆ ಒಂದು ಬಿಟ್ಟಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಚೆಂಡುಹೂವು ಕಿತ್ತೆಸೆದೆ, ಓಢಣಿಯ ಸೆರಗಿನಿಂದ ಕುಂಕುಮ ಒರೆಸಿದೆ, ವೈರನ್ನು ಗೇಣು ಕೆಳಗೆ ಹಾಕಿದೆ. ಆಟ ತೆರೆಯಿತು. ಕಡೆಯ ರಾಕ್ಷಸ ಕೊಡಲಿ ಹಿಡಿದು ತಯಾರಾಗಿ ನಿಂತಿದ್ದ.

“ಬಾರವಾ, ಚಾಲೂ ಆತು” ಎಂದು ಬಾಗಿಲ ಹೊರಗೆ ನಿಂತು ಕರೆದೆ. “ತಪ್ಪು ನಂದs. ನೀ ಹೇಳಿದ್ದು ಖರೇ ಇತ್ತು.”

“ನೀನs ಆಡಮ್ಮಾ” ಎಂದಳು ಒಳಗಿನಿಂದ. ನಾನು ಕಂಪ್ಯೂಟರ್ ಬಂದ್ ಮಾಡಿ, ಬಿದ್ದ ಗುಂಡಿಗಳನ್ನು ಒಂದೊಂದಾಗಿ ಆರಿಸಿದೆ.

ಮರುದಿನ ದಸರೆ. ಪುಣೆಯ ಪೇಟೆಯಲ್ಲಿ ಸೋನೆ, ಅಂದರೆ ಬಂಗಾರ, ಎಂದು ಮಾರುವ ಆಪಟೆ ಎಲೆಯೇ ನಮ್ಮ ಮನೆಗೆ ಬನ್ನಿ. ಮಗಳು ಸ್ನಾನ ಮಾಡಿ, ಹೊಸ ಬಟ್ಟೆ ಹಾಕಿಕೊಂಡು, ಅಪ್ಪನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದಳು. ಆಮೇಲೆ ನನ್ನ ಮುಂದೆ ಬಂದಳು. ಕೆನ್ನೆಯ ಗೆರೆಗಳು ಇಳಿದಿದ್ದವು.

“ಬನ್ನಿ ತೊಗೊಂಡು ಬಂಗಾರಧಂಗ ಇರೂಣಮ್ಮಾ” ಎಂದು ಎಲೆ ನೀಡಿ, ಬಗ್ಗಿ ಕಾಲು ಮುಟ್ಟಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಅವಳು ತಲೆ ಎತ್ತಿದಳು, ತಲೆಯ ಮೇಲಿಟ್ಟು ಹರಸಲೆಂದು ನಾನು ಬಟ್ಟೆ ಕಟ್ಟಿದ ಬಲಗೈ ಎತ್ತಿದೆ.

ಅವಳು ಕಣ್ಣು ಮುಚ್ಚಿದಳು. ಎರಡೂ ಕೈ ಕಿವಿಗೆ ಹೋದವು, ಭುಜ ಕುಗ್ಗಿತು, ಉಳಿದ ಬನ್ನಿಯೆಲ್ಲ ನೆಲಕ್ಕೆ ಚೆಲ್ಲಿತು.

ಒಂದು ಗಳಿಗೆ, ಅಷ್ಟೇ. ಮರುಗಳಿಗೆ ಕಣ್ಣು ಬಿಟ್ಟು ನಾಚಿ ನಕ್ಕಳು. “ಹಂಗs ಆತಮ್ಮಾ, ಏನಿಲ್ಲ” ಎಂದು ಎಲೆ ಆರಿಸತೊಡಗಿದಳು. ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ.