ಬ್ರೆಡ್ಡು ಮುಟ್ಟದವರಿಗೆ ಉತ್ತರವಿಲ್ಲ

ಇಷ್ಟು ವರ್ಷದ ಕೆಲಸದಲ್ಲಿ ನಾನು ಬರೆದ ಅತಿ ಕೆಟ್ಟ ರಿಪೋರ್ಟು ಅಮೆರಿಕದ ಹೋಬೋಕನ್ ಊರಿನ ಒಬ್ಬ ಅಜ್ಜಿಯದು. ಅದಕ್ಕೆ ಕಾರಣ ಧಾರವಾಡದಲ್ಲಿ ನಮ್ಮವ್ವ ನನಗೆ ಕಲಿಸಿದ ಒಳ್ಳೆಯ ನಡತೆ.

ನಾನು ಥೆರಪಿಸ್ಟ್. ಬಿದ್ದು ಸೊಂಟ ಮುರಿದುಕೊಂಡ ಹಿರಿಯರ ಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಅವರು ಒಬ್ಬರೇ ಇರಬಲ್ಲರೋ ಇಲ್ಲವೋ ಎಂದು ಪರೀಕ್ಷಿಸಿ ಬರೆಯುವುದೂ ನನ್ನ ಕೆಲಸವೇ. ಈ ಅಜ್ಜಿ ಅಲ್ಬೇನಿಯಾದವಳು, ತೊಂಬತ್ತು ದಾಟಿದವಳು. ಪ್ರಿನ್ಸ್‌ಟನ್‌ನಲ್ಲಿದ್ದ ಮಗ ಫೋನಿನಲ್ಲಿ ಹೇಳಿದ್ದ: ಅಮ್ಮನಿಗೆ ಮರೆವು, ಏನು ಕೇಳಿದರೂ ಗೊತ್ತಿಲ್ಲ ಅನ್ನುತ್ತಾಳೆ, ನರ್ಸಿಂಗ್ ಹೋಮಿಗೆ ಸೇರಿಸಬೇಕು. ಅದಕ್ಕೆ ನನ್ನ ರಿಪೋರ್ಟು ಬೇಕಿತ್ತು.

ಮೊದಲ ದಿನ ಅಜ್ಜಿ ವಾಕರಿನ ಟ್ರೇ ಮೇಲೆ ಒಂದು ತಟ್ಟೆ ಇಟ್ಟುಕೊಂಡು ಅಡುಗೆಮನೆಯಿಂದ ನಿಧಾನವಾಗಿ ಬಂದಳು. ತಟ್ಟೆಯಲ್ಲಿ ಬ್ರೆಡ್ಡು, ಅದರ ಪಕ್ಕದಲ್ಲಿ ಚಿಟಿಕೆ ಉಪ್ಪು. "ಬೇಡ ಬೇಡ, ಈಗಷ್ಟೇ ತಿಂದು ಬಂದೆ," ಅಂದೆ. ಎಲ್ಲಿ ತಿಂದಿದ್ದೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ನಮ್ಮ ಕಡೆ ಮೊದಲ ಸಲಕ್ಕೇ ಕೈಚಾಚುವುದುಂಟೆ? ನಾವು ಮೂರು ಸಲ ಬೇಡ ಅನ್ನಬೇಕು, ಅವರು ನಾಲ್ಕು ಸಲ ಒತ್ತಾಯ ಮಾಡಬೇಕು. ಅಜ್ಜಿ ಒಂದು ಸಲವೂ ಒತ್ತಾಯ ಮಾಡಲಿಲ್ಲ. ತಟ್ಟೆ ಹಾಗೇ ಒಳಗೆ ಹೋಯಿತು.

ಆಮೇಲೆ ಶುರುವಾಯಿತು. ಇವತ್ತು ಯಾವ ವಾರ? ಗೊತ್ತಿಲ್ಲ. ಇದು ಯಾವ ಊರು? ಗೊತ್ತಿಲ್ಲ. ಮನೆಯಲ್ಲಿ ಯಾರಿದ್ದಾರೆ? ಗೊತ್ತಿಲ್ಲ. ನಿಮ್ಮ ಹೆಸರೇನು ಎಂದರೂ ಅದೇ ಉತ್ತರ. ಕಣ್ಣು ಮಾತ್ರ ನನ್ನ ಪೆನ್ನನ್ನು ಬಿಟ್ಟು ಕದಲಲಿಲ್ಲ. ನಾನು ಸಾಲಾಗಿ ಸೊನ್ನೆ ಹಾಕಿ ರಿಪೋರ್ಟು ಕಳಿಸಿದೆ.

ಮುಂದಿನ ವಾರ ವ್ಯಾಯಾಮ ಮಾಡಿಸಲು ಹೋದ ದಿನ ಹಿಮ ಬಿದ್ದು, ಟ್ರೇನು ತಡವಾಗಿ, ನನ್ನ ಊಟ ತಪ್ಪಿತ್ತು. ಅಜ್ಜಿ ಮತ್ತೆ ತಟ್ಟೆ ತಂದಿಟ್ಟಳು. ಈ ಸಲ ಸಂಕೋಚ ಗಿಂಕೋಚ ಎಲ್ಲ ಬಿಟ್ಟು ಗಬಗಬ ತಿಂದೆ. ತಿಂದು ಮುಗಿಸುವವರೆಗೆ ನೋಡುತ್ತಾ ಕೂತಿದ್ದ ಅಜ್ಜಿ, "ಇವತ್ತು ಗುರುವಾರ. ಹೋದ ವಾರ ನೀನು ನೀಲಿ ಪೆನ್ನು ತಂದಿದ್ದೆ. ನಿನ್ನ ಅಕ್ಷರ ಚೆನ್ನಾಗಿಲ್ಲ," ಅಂದಳು. ಹಾಗಿದ್ದರೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಹೇಳಿದ್ದು ಇದು.

ಅವಳಿಗಾಗ ಒಂಬತ್ತು ವರ್ಷ. ಬೆಟ್ಟದ ಮೇಲಿನ ಹಳ್ಳಿ. ದೇಶವನ್ನು ಮೊದಲು ಇಟಲಿಯ ಸೈನ್ಯ ಹಿಡಿದಿತ್ತು, ಅದು ಸೋತ ಮೇಲೆ ಜರ್ಮನರು ಬಂದು ಕೂತರು. ಕಾಲಿಗೆ ಗುಂಡು ತಗಲಿದ ಹೋರಾಟಗಾರನೊಬ್ಬ ಇವರ ಮನೆಯ ಅಟ್ಟದಲ್ಲಿ, ಮುಸುಕಿನ ಜೋಳದ ತೆನೆಗಳ ಹಿಂದೆ ಅಡಗಿದ್ದ. ಮನೆಯ ಬ್ರೆಡ್ಡು, ಉಪ್ಪು ತಿಂದವನು ಅತಿಥಿ. ಅವನನ್ನು ಹಿಡಿದುಕೊಟ್ಟರೆ ಮನೆತನದ ಮಾನವೇ ಹೋಯಿತು. ಒಂದು ದಿನ ಜರ್ಮನ್ ಅಧಿಕಾರಿ ಕೈಯಲ್ಲಿ ಪುಸ್ತಕ, ಪೆನ್ನು, ಜೊತೆಗೊಬ್ಬ ದುಭಾಷಿಯನ್ನು ಕಟ್ಟಿಕೊಂಡು ಬಂದ. ಇವಳ ಅಜ್ಜಿ ಅವನ ಮುಂದೆಯೂ ತಟ್ಟೆ ಇಟ್ಟಳು. ವಿಷವಿರಬಹುದೆಂದು ಅವನು ತಳ್ಳಿದ. ತಟ್ಟೆ ತಳ್ಳಿದವನಿಗೆ ನಿನ್ನ ಹೆಸರನ್ನೂ ಕೊಡಬೇಡ ಎಂದು ಮನೆಯಲ್ಲಿ ಮೊದಲೇ ಹೇಳಿಕೊಟ್ಟಿದ್ದರು. ಮನೆಯಲ್ಲಿ ಎಷ್ಟು ಜನ, ನಿನ್ನೆ ಯಾರು ಬಂದಿದ್ದರು, ನಿನ್ನ ಹೆಸರೇನು, ಎಲ್ಲಕ್ಕೂ ಹುಡುಗಿ ಗೊತ್ತಿಲ್ಲ ಅಂದಳು. ಕೆನ್ನೆಗೆ ಎರಡು ಬಿದ್ದರೂ ಗೊತ್ತಿಲ್ಲ. ಕೊನೆಗೆ ಅವನು ನಕ್ಕು, ಏನೋ ಗೀಚಿಕೊಂಡು ಹೋದ. ಹೋರಾಟಗಾರ ಉಳಿದ. ಚಳಿ ಕಳೆದ ಮೇಲೆ ತನ್ನ ಕಾಲ ಮೇಲೇ ನಡೆದು ಬೆಟ್ಟ ಹತ್ತಿದ.

"ಅವನೂ ನಿನ್ನ ಹಾಗೇ ಬರೆದುಕೊಂಡ, ಈ ಹುಡುಗಿಗೆ ತಲೆ ಇಲ್ಲ ಅಂತ," ಅಂದಳು ಅಜ್ಜಿ. ನನಗೆ ತಲೆ ಎತ್ತಲಾಗಲಿಲ್ಲ. ಮಗನೂ ಪ್ರತಿ ಶನಿವಾರ ಬಂದು, ಡಯೆಟ್ ಎಂದು ಏನನ್ನೂ ಮುಟ್ಟದೆ, ನಿಂತೇ ಮಾತ್ರೆಗಳ ಲೆಕ್ಕ ಕೇಳಿ ಫೋನಿನಲ್ಲಿ ಬರೆದುಕೊಂಡು ಹೋಗುತ್ತಿದ್ದನಂತೆ. ಅವನಿಗೂ ಅದೇ ಉತ್ತರ ಸಿಕ್ಕಿದೆ.

ಅಲ್ಲಿಂದಲೇ ಪಿಸ್ಕಾಟವೇ ಊರಿನಲ್ಲಿರುವ ನಮ್ಮ ಆಫೀಸಿಗೆ ಫೋನ್ ಮಾಡಿದೆ. ನಮ್ಮ ಸೂಪರ್‌ವೈಸರ್ ಬೆಂಗಳೂರಿನವರು.

"ಮೇಡಂ, ರಿಪೋರ್ಟ್ ಆಲ್ರೆಡಿ ಸಬ್ಮಿಟ್ ಆಗಿದೆ. ಸುಮ್ನೆ ಯಾಕೆ ತಲೆ ಕೆಡಿಸ್ಕೊತೀರಾ?"

"ತಪ್ಪು ನಂದದರಿ ಸರ್. ಆಕೀ ತಲಿ ನೆಟ್ಟಗದ. ನೀವ ಬಂದು ಇನ್ನೊಮ್ಮೆ ಟೆಸ್ಟ್ ಮಾಡ್ರಿ. ಇಲ್ಲಂದ್ರ ನಾ ತಪ್ಪು ರಿಪೋರ್ಟ್ ಬರದೀನಂತ ಲೈಸೆನ್ಸ್ ಕೊಟ್ಟೋರಿಗೆ ನಾನ ಪತ್ರ ಬರೀತೀನಿ."

ಮಂಗಳವಾರ ಅವರು ಬಂದರು. ನರ್ಸಿಂಗ್ ಹೋಮಿನ ಫಾರಂ ಹಿಡಿದು ಮಗನೂ ಬಂದು ಬಾಗಿಲ ಬಳಿ ನಿಂತ. ಸೂಪರ್‌ವೈಸರ್‌ಗೆ ದಾರಿಯಲ್ಲೇ ಎಲ್ಲ ಹೇಳಿದ್ದೆ. ಆದರೂ ತಟ್ಟೆ ಬಂದ ಕೂಡಲೇ ಅವರ ಬಾಯಿಂದ ಬಂದದ್ದು, "ನೋ ನೋ, ಈಗಷ್ಟೇ ಬ್ರೇಕ್‌ಫಾಸ್ಟ್ ಆಯ್ತು." ಹಾಳಾದ ಅಭ್ಯಾಸ. ಅಜ್ಜಿಯ ಮುಖ ಗಂಟಿಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು.

"ಸರ್, ಸುಮ್ನ ತಿನ್ರಿ," ಎಂದೆ ಕನ್ನಡದಲ್ಲಿ.

"ಪೇಷಂಟ್ ಮನೇಲಿ ಏನೂ ತಿನ್ಬಾರ್ದು ಅಂತ ಪಾಲಿಸಿ ಇದೆಯಲ್ಲ ಮೇಡಂ."

"ಆಕೀ ಮನಿ ಹೋಗ್ಲಿಕತ್ತದ, ನೀವು ಒಂದು ತುತ್ತಿಗೆ ಪಾಲಿಸಿ ಹೇಳ್ತೀರಲ್ರೀ?"

ಅವರು ನನ್ನ ಮುಖ ನೋಡಿದರು. ತುಂಡು ಮುರಿದು, ಉಪ್ಪಿಗೆ ಒತ್ತಿ, ತಿಂದರು.

ಆಮೇಲೆ ಅಜ್ಜಿಯನ್ನು ಹಿಡಿಯುವವರಿರಲಿಲ್ಲ. ವಾರ, ತಿಂಗಳು, ಊರು, ಬೀದಿ ಎಲ್ಲ ಹೇಳಿದಳು. ನೂರರಿಂದ ಏಳೇಳು ಕಳೆಯುತ್ತಾ ಹೋದಾಗ ಸೂಪರ್‌ವೈಸರೇ ಬೆರಳು ಮಡಿಚಿ ಎಣಿಸುತ್ತಾ ಹಿಂದುಳಿದರು. ಒಂದೇ ಒಂದು ಅಂಕ ಹೋಯಿತು, ಅದೂ ಗಡಿಯಾರದ ಚಿತ್ರದಲ್ಲಿ ಮುಳ್ಳು ಗಿಡ್ಡವಾಯಿತೆಂದು. ಇವರು ಎಲ್ಲಿರಬೇಕು ಎಂಬುದನ್ನು ಇನ್ನು ಇವರೇ ಹೇಳಬೇಕು, ಬೇರೆಯವರಲ್ಲ ಎಂದು ಸೂಪರ್‌ವೈಸರ್ ಮಗನಿಗೆ ಸ್ಪಷ್ಟವಾಗಿ ತಿಳಿಸಿದರು.

ಮಗ ಬಂದು ಫಾರಂ ಅಮ್ಮನ ಮುಂದಿಟ್ಟ. "ಸಹಿ ಮಾಡಮ್ಮ. ನೀನು ಬಿದ್ದ ದಿನದಿಂದ ನನಗೆ ನೆಮ್ಮದಿ ಇಲ್ಲ," ಅಂದ. ಕೆಟ್ಟವನಲ್ಲ, ಹೆದರಿದ್ದ. ಅಜ್ಜಿ ಕನ್ನಡಕ ಹಾಕಿಕೊಂಡು ಮೂರೂ ಪುಟ ಓದಿದಳು. ಪೆನ್ನು ಕೇಳಿದಾಗ ನನಗೆ ದಿಗಿಲಾಯಿತು, ಎಲ್ಲಿ ಮಗನ ಮುಖ ನೋಡಿ ಒಪ್ಪಿಬಿಡುತ್ತಾಳೋ ಎಂದು. ಅವಳು ಪುಟದ ಅಡ್ಡಕ್ಕೆ, ದಪ್ಪ ಅಕ್ಷರದಲ್ಲಿ, ಬರುವುದಿಲ್ಲ ಎಂದು ಬರೆದಳು.

"ಮತ್ತೆ ಬಿದ್ದರೆ?" ಅಂದ ಮಗ.

"ಬಿದ್ದರೆ ನನ್ನ ಮನೆಯಲ್ಲಿ ಬೀಳುತ್ತೇನೆ," ಅಂದಳು. "ಆಗ ಬಂದು ಎತ್ತು."