ಎಡಕ್ಕಿದ್ದ ಗಿಳಿಗಳು

ಗುಲ್ಷನ್ ಟೀಚರ್‌ಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಇದು ಗೊತ್ತಿಲ್ಲದವರು ಅವರು ಸಮಾಧಾನವಾಗಿದ್ದಾರೆ ಅಂದುಕೊಂಡು ಮಾತು ಮುಂದುವರಿಸಿ ಸಿಕ್ಕಿಬೀಳುತ್ತಾರೆ. ದಾವಣಗೆರೆಯ ನಮ್ಮ ಸರ್ಕಾರಿ ಶಾಲೆಯಲ್ಲಿ ಅವರು ಮೂರನೇ ತರಗತಿಗೆ ಪಾಠ ಮಾಡುತ್ತಾರೆ, ನಾನು ಪಕ್ಕದ ಕೋಣೆಯಲ್ಲಿ ನಾಲ್ಕನೆಯದಕ್ಕೆ. ನಡುವಿನ ಗೋಡೆ ತೆಳು. ಹಾಗಾಗಿ ಕಳೆದ ವರ್ಷ ಆದದ್ದನ್ನು ಅಷ್ಟಿಷ್ಟು ಕಣ್ಣಾರೆ ಕಂಡೆ, ಮಿಕ್ಕದ್ದು ಕಿವಿಗೆ ಬಿತ್ತು.

ಅವರ ಊರು ಹರಿಹರ. ತಂದೆ ಮೌಲಾ ಸಾಬ್ ಅಲ್ಲಿ ಗಾದಿ ಹೊಲಿಯುತ್ತಿದ್ದರು. ಮನೆಮಾತು ಉರ್ದು, ಆದರೆ ತಂದೆ ಹಟ ಹಿಡಿದು ಮಗಳನ್ನು ಕನ್ನಡ ಶಾಲೆಗೆ ಹಾಕಿದರು. ಒಂದನೇ ತರಗತಿಯಲ್ಲಿ ಮಾಸ್ತರರು ಕೇಳಿದ ಪ್ರಶ್ನೆಯ ಒಂದು ಪದ ತಿಳಿಯದೆ ಸುಮ್ಮನೆ ನಿಂತದ್ದಕ್ಕೆ ಅವರನ್ನು ವರ್ಷವಿಡೀ ದಡ್ಡರ ಸಾಲಿನಲ್ಲಿ ಕೂಡಿಸಿದ್ದರಂತೆ. ಅದನ್ನು ಹೇಳುವಾಗ ಈಗಲೂ ಅವರ ದನಿ ಇಳಿಯುತ್ತದೆ. ಮಗುವಿಗೆ ಮಾತು ತಿಳಿಯದಿದ್ದರೆ ಲೆಕ್ಕ ತಿಳಿಯಲಿಲ್ಲ ಅಂತ ಬರೆಯಬಾರದು ಅನ್ನುವುದು ಅವರ ವಾದ.

ಇಂಟರ್‌ನೆಟ್ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಅದರ ಹುಚ್ಚು ಹಿಡಿಸಿಕೊಂಡವರೇ ಅವರು. ನಮ್ಮಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಮನೆಯಲ್ಲಿ ಚಿತ್ರಕಥೆಗಳ ವೆಬ್‌ಸೈಟಿನಿಂದ ಕನ್ನಡ ಕಥೆಗಳನ್ನು ಫೋನಿಗೆ ಇಳಿಸಿಕೊಂಡು ಬಂದು, ಹಳೇ ವಿದ್ಯಾರ್ಥಿಗಳು ಕೊಟ್ಟ ಪ್ರೊಜೆಕ್ಟರಿನಲ್ಲಿ ಗೋಡೆ ಮೇಲೆ ಬಿಡುತ್ತಿದ್ದರು. ಮುಳ್ಳನ್ನು ಬೆರಳಲ್ಲಿ ತಿರುಗಿಸುವ ಗಡಿಯಾರದ ಸೈಟು ಒಂದಿತ್ತು. ಹಕ್ಕಿಯ ಕೂಗು ಕೇಳಿಸುವುದು ಇನ್ನೊಂದು. ಆಕಾಶದಿಂದ ಊರು ತೋರಿಸುವ ನಕ್ಷೆಯನ್ನು ತೆರೆದ ದಿನ ಮಕ್ಕಳು ಶಾಲೆಯ ಸುತ್ತಲಿನ ಆನೆಕೊಂಡದಲ್ಲಿ ತಮ್ಮ ತಮ್ಮ ಮನೆಯ ಚಾವಣಿ ಹುಡುಕಿದರು. ಆಮೇಲೆ ಬಾತಿ ಕೆರೆ ದಾಟಿ, ರಸ್ತೆ ಹಿಡಿದು ಹರಿಹರದ ಹೊಳೆಯವರೆಗೆ ಹೋಗಿ, ಟೀಚರ್ ದಿನಾ ಇಷ್ಟು ದೂರದಿಂದ ಬರ್ತಾರಾ ಅಂತ ಬೆರಗಾದರು. ಯಾವುದೇ ಸೈಟನ್ನು ಮೊದಲು ತಾವು ಪೂರ್ತಿ ನೋಡಿ, ಒಂದಿಬ್ಬರು ಮಕ್ಕಳಿಗೆ ತೋರಿಸಿ, ಆಮೇಲೇ ತರಗತಿಗೆ ತರುತ್ತಿದ್ದರು.

ಹೋದ ವರ್ಷ ಜೂನ್‌ನಲ್ಲಿ ಒಂದು ಕಂಪನಿ ಮೂರನೇ ತರಗತಿಗೆ ದಾನವಾಗಿ ದೊಡ್ಡ ಸ್ಮಾರ್ಟ್ ಬೋರ್ಡ್ ಕೊಟ್ಟಿತು. ಹೆಡ್‌ಮಾಸ್ಟರ್ ನಾಗರಾಜಪ್ಪನವರು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಬೋರ್ಡಿನಲ್ಲಿ ಕಂಪನಿಯ ಪಾಠ ಬಿಟ್ಟು ಬೇರೇನೂ ತೆರೆಯುವುದಿಲ್ಲ. ಜೊತೆಗೆ ಬಂದ ಟ್ಯಾಬ್‌ಗಳಲ್ಲಿ ಮಕ್ಕಳು ಲೆಕ್ಕ ಮಾಡಬೇಕು, ಪ್ರಶ್ನೆಗಳನ್ನು ಟೀಚರ್ ಮೊದಲೇ ನೋಡುವ ಹಾಗಿಲ್ಲ. ಯಂತ್ರವೇ ಅಂಕ ಹಾಕಿ ಪ್ರತಿ ಮಗುವಿಗೂ ಹಸಿರು, ಹಳದಿ, ಕೆಂಪು ಅಂತ ಬಣ್ಣ ಕೊಡುತ್ತದೆ. ಆ ಬಣ್ಣ ಶನಿವಾರ ತಂದೆತಾಯಿಯ ಫೋನಿಗೆ ಹೋಗುತ್ತದೆ. ತರಬೇತಿ ಕೊಡಲು ಬಂದ ನಾಗಭೂಷಣ್ ಎಂಬ ಹುಡುಗ ಬಹಳ ವಿನಯವಂತ. ಇನ್ನು ನಿಮಗೆ ಪೇಪರ್ ತಿದ್ದೋ ಕಷ್ಟ ಇಲ್ಲ ಮೇಡಂ ಅಂದ. ಮಕ್ಕಳು ಯಾಕೆ ತಪ್ಪಿದರು ಅಂತ ಗೊತ್ತಾಗೋದೇ ತಿದ್ದುವಾಗ ಅಂತ ಗುಲ್ಷನ್ ಟೀಚರ್ ಅಂದದ್ದು ಅವನಿಗೆ ಕೇಳಿಸಲಿಲ್ಲವೋ ಏನೋ. ಹಳೇ ಪ್ರೊಜೆಕ್ಟರು ಸ್ಟಾಫ್ ರೂಮಿನ ಬೀರು ಸೇರಿತು.

ಆಗಸ್ಟ್ ಹೊತ್ತಿಗೆ ಅವರ ತರಗತಿಯ ರಶ್ಮಿತಾ ಶಾಲೆಗೆ ಬರುವುದು ನಿಂತಿತು. ಅವಳ ತಾಯಿ ಸರೋಜಾ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟವರು. ಸಂಜೆ ಚಿಲ್ಲರೆ ಕೊಡುವವಳು ಈ ಹುಡುಗಿಯೇ, ಬಾಯಲ್ಲೇ ಲೆಕ್ಕ ಮುಗಿಸುತ್ತಿದ್ದಳು. ಜ್ವರ ಇರಬೇಕು ಅಂದುಕೊಂಡು ಟೀಚರ್ ಮನೆಗೆ ಹೋದರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು, ಹೊರಗೆ ಬರಲಿಲ್ಲ. ಅಂಗೈ ಬಾತುಕೊಂಡಿತ್ತು. ಸರೋಜಾ ಫೋನ್ ತೆಗೆದು ತೋರಿಸಿದರು. ಸತತವಾಗಿ ಕೆಂಪು. ಕೆಳಗೆ, ನಿಮ್ಮ ಮಗು ಗಣಿತದಲ್ಲಿ ತೀವ್ರವಾಗಿ ಹಿಂದುಳಿದಿದೆ ಎಂಬ ಸಾಲು.

"ಅಂಗಡ್ಯಾಗೆ ಕೂತು ಕೂತು ನನ್ನ ಮಗಳು ಹಾಳಾದ್ಲು ಅಂದ್ಕೊಂಡ್ನಿರಿ ಟೀಚರ್. ಹೊಡದೆ. ಮಷೀನು ಸುಳ್ಳು ಹೇಳ್ತೈತೇನ್ರಿ?" ಅಂದರು ಸರೋಜಾ.

ಟೀಚರ್ ನೆಟ್ಟಗೆ ಶಾಲೆಗೆ ಬಂದು ರಶ್ಮಿತಾಳ ಟ್ಯಾಬ್ ತೆರೆದರು. ನನ್ನನ್ನೂ ಕರೆದರು. ಮರದ ಚಿತ್ರ. ಮರದಲ್ಲಿ ಎಂಟು ಗಿಳಿ, ಮೂರು ಹಾರಿಹೋದವು. ಪ್ರಶ್ನೆ: "ಎಷ್ಟು ಗಿಳಿಗಳು ಎಡಕ್ಕೆ ಇವೆ?"

ಎಡಗಡೆಯ ಕೊಂಬೆಯ ಮೇಲೆ ಎರಡು ಗಿಳಿ ಕೂತಿದ್ದವು. ಹುಡುಗಿ ಎರಡು ಅಂತ ಬರೆದಿದ್ದಳು. ಯಂತ್ರ ಅದನ್ನು ತಪ್ಪೆಂದು ತಿದ್ದಿ, ಐದು ಸರಿ ಅಂದಿತ್ತು.

ಇಂಗ್ಲಿಷಿನಲ್ಲಿ ಉಳಿದದ್ದಕ್ಕೂ ಎಡಗಡೆಗೂ ಲೆಫ್ಟ್ ಅಂತ ಒಂದೇ ಪದ. ಕಂಪನಿಯವರು ಪ್ರಶ್ನೆಗಳನ್ನು ಅನುವಾದದ ಯಂತ್ರದ ಕೈಗೆ ಕೊಟ್ಟು ಕನ್ನಡ ಮಾಡಿಸಿದ್ದರು. ಕಳೆಯುವ ಲೆಕ್ಕಗಳೆಲ್ಲ ಹಾಗೇ ಇದ್ದವು. ಮುಂದೆ ನೋಡಿದರೆ "ಏಳರ ಮೇಜನ್ನು ಪೂರ್ಣಗೊಳಿಸಿ" ಅಂತಿತ್ತು. ಇಂಗ್ಲಿಷಿನ ಟೇಬಲ್ಲು ಮಗ್ಗಿಯಾಗುವ ಬದಲು ಮೇಜಾಗಿತ್ತು. ಹದಿನೈದರವರೆಗೆ ಮಗ್ಗಿ ಬಲ್ಲ ಹುಡುಗಿ ಆ ಜಾಗ ಖಾಲಿ ಬಿಟ್ಟಿದ್ದಳು. ಹಸಿರು ಬಣ್ಣ ಸಿಕ್ಕಿದ್ದವರು ಪ್ರಶ್ನೆ ಓದುವ ಗೋಜಿಗೇ ಹೋಗದೆ ಅಂಕಿಗಳನ್ನಷ್ಟೇ ನೋಡಿ ಅಂದಾಜಿಗೆ ಒತ್ತಿದವರು. ಓದಿ, ಅರ್ಥ ಮಾಡಿಕೊಂಡು, ಕೇಳಿದ್ದಕ್ಕೆ ಉತ್ತರ ಕೊಟ್ಟವಳಿಗೆ ಕೆಂಪು.

ಟೀಚರ್ ನಾಗಭೂಷಣನಿಗೆ ಫೋನ್ ಹಚ್ಚಿದರು. ಇದನ್ನು ಮಕ್ಕಳ ಕೈಗೆ ಕೊಡುವ ಮೊದಲು ಕನ್ನಡ ಬಲ್ಲವರು ಯಾರಾದರೂ ಓದಿದರಾ ಅಂತ ಕೇಳಿದರು. ಅವನು ತಡವರಿಸಿ, ಹತ್ತಾರು ಭಾಷೆಗೆ ಒಟ್ಟಿಗೆ ಮಾಡ್ತಾರೆ ಮೇಡಂ, ಮುಂದಿನ ಅಪ್‌ಡೇಟ್‌ನಲ್ಲಿ ಸರಿ ಹೋಗ್ತದೆ ಅಂದ.

"ಅಲ್ಲಿವರೆಗೂ ಹುಡುಗಿ ಹೊಡೆತ ತಿನ್ನಬೇಕೇನ್ರಿ?" ಟೀಚರ್ ದನಿ ನನಗೇ ಸರಿಯಾಗಿ ಕೇಳಿಸದಷ್ಟು ಇಳಿದಿತ್ತು.

ಹೆಡ್‌ಮಾಸ್ಟರ್‌ಗೂ ಹೇಳಿದರು. ನಾಗರಾಜಪ್ಪನವರು ಕೆಟ್ಟವರಲ್ಲ, ಹೆದರುವವರು. ಕಂಪನಿಯವರು ಬೋರ್ಡ್ ನೋಡೋಕೆ ಮುಂದಿನ ವಾರ ಬರ್ತಾರೆ, ಫೋಟೊ ತೆಗೀತಾರೆ, ಅಲ್ಲಿವರೆಗೆ ತಡೀರಿ ಅಂದರು. ಕೆಂಪು ಅಂತ ಕಳಿಸಿದ ಮನೆಗಳಿಗೆಲ್ಲ ತಪ್ಪು ನಮ್ಮದು ಅಂತ ಮೆಸೇಜ್ ಹೋಗದ ಹೊರತು ನಾನು ಬೋರ್ಡ್ ಮುಟ್ಟೋದಿಲ್ಲ ಅಂದು ಟೀಚರ್ ಎದ್ದು ಬಂದರು. ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ಒಂದೊಂದೇ ಮನೆಗೆ ಹೋಗಿ, ಗಿಳಿಯ ಪ್ರಶ್ನೆ ಓದಿ ಹೇಳಿದರು. ಕೆಲವರು ನಕ್ಕರು. ಹೊಡೆದ ತಾಯಂದಿರು ನಗಲಿಲ್ಲ.

ಕಂಪನಿಯವರು ಬಂದ ದಿನ ಕರೆಯದಿದ್ದರೂ ತಾಯಂದಿರು ಬಂದು ವರಾಂಡದಲ್ಲಿ ನಿಂತರು. ಒಳಗೆ ಬೋರ್ಡ್ ಆರಿತ್ತು. ಟೀಚರ್ ಬೀರುವಿನಿಂದ ಹಳೇ ಪ್ರೊಜೆಕ್ಟರ್ ತೆಗೆದು ಗೋಡೆ ಮೇಲೆ ಗಡಿಯಾರ ಬಿಟ್ಟು ಪಾಠ ಮಾಡುತ್ತಿದ್ದರು. ಬಂದ ಅಧಿಕಾರಿಣಿ, ನಮ್ಮ ಬೋರ್ಡ್ ಯಾಕೆ ಹಾಕಿಲ್ಲ ಅಂತ ನಗುತ್ತಲೇ ಕೇಳಿದರು.

"ಯಾಕಂದ್ರೆ ನೀವು ಅದನ್ನ ಓದಿಲ್ಲ," ಅಂದರು ಗುಲ್ಷನ್ ಟೀಚರ್. "ನಿಮ್ಮ ಮಕ್ಕಳ ಶಾಲೆಗೆ ಹಿಂಗೆ ಓದದೇ ಇದ್ದಿದ್ದು ಕಳಿಸ್ತಿದ್ರಾ? ನಮ್ಮ ಮಕ್ಕಳಿಗೆ ಪುಕ್ಕಟೆ ಕೊಡೋದಲ್ವಾ, ಹೆಂಗಿದ್ರೂ ನಡೀತೈತೆ ಅಂದ್ಕೊಂಡ್ರಿ. ನಿಮ್ಮ ಅಸಡ್ಡೆಗೆ ಕೆಂಪು ಬಣ್ಣ ಹಚ್ಚಿ ಇವರ ಮನೆಗೆ ಕಳಿಸಿದ್ರಿ."

ಅಧಿಕಾರಿಣಿ ಗಮನಿಸುತ್ತೇವೆ ಅಂದರು. ಫೋಟೊ ತೆಗೆಯುವವನು ಕ್ಯಾಮೆರಾ ಚೀಲಕ್ಕೆ ಹಾಕಿದ. ಹೊರಗೆ ಸರೋಜಾ ಮತ್ತು ಉಳಿದ ತಾಯಂದಿರು ಅವರನ್ನು ತಡೆದು, ಇನ್ನು ಮೇಲೆ ನಮ್ಮ ಫೋನಿಗೆ ಬಣ್ಣ ಕಳಿಸಬ್ಯಾಡ್ರಿ ಅಂದರು. ಶನಿವಾರದ ಮೆಸೇಜು ಆ ವಾರದಿಂದಲೇ ನಿಂತಿತು. ಆದರೆ ತಪ್ಪಾಯಿತು ಎಂಬ ಮಾತು ಕಂಪನಿಯಿಂದ ಇವತ್ತಿಗೂ ಬಂದಿಲ್ಲ. ನಾಗರಾಜಪ್ಪನವರು ಎರಡು ತಿಂಗಳು ಟೀಚರ್ ಜೊತೆ ಮಾತು ಬಿಟ್ಟರು.

ದಸರಾ ರಜೆಯಲ್ಲಿ ನಾಗಭೂಷಣ್ ಹರಿಹರಕ್ಕೆ, ಅವರ ಮನೆಗೇ ಬಂದ. ಮುಂದಿನ ಅಪ್‌ಡೇಟಿನ ಕನ್ನಡವನ್ನು ನೀವೇ ನೋಡಿಕೊಡಬೇಕಂತೆ ಮೇಡಂ, ಆಫೀಸಿನವರು ಹೇಳಿದ್ದಾರೆ ಅಂದ. ನೋಡಿಕೊಡ್ತೀನಿ, ಮೊದಲು ಸರೋಜಾ ಮನೆಗೆ ಹೋಗಿ ಆ ಹುಡುಗಿ ಎದುರಿಗೆ ತಪ್ಪು ನಮ್ಮದು ಅನ್ನಲಿ ನಿಮ್ಮವರು ಅಂದರು ಟೀಚರ್. ಅದಕ್ಕೆ ಕಂಪನಿ ಒಪ್ಪೋದಿಲ್ಲ ಅಂತ ಅವನು ತಲೆ ತಗ್ಗಿಸಿದ. ಆದರೂ ಮರುದಿನ ಯಾರಿಗೂ ಹೇಳದೆ ತಾನೊಬ್ಬನೇ ಹೋಗಿದ್ದ. ಮಂಡಕ್ಕಿ ಅಂಗಡಿ ಮುಂದೆ ನಿಂತು, ನೀನು ಬರೆದಿದ್ದು ಸರಿ ಇತ್ತಮ್ಮ, ಪ್ರಶ್ನೆ ತಪ್ಪಿತ್ತು ಅಂತ ರಶ್ಮಿತಾಗೆ ಹೇಳಿದನಂತೆ. ಸರೋಜಾ ಅವನನ್ನು ಕೂಡಿಸಿ ತಿನ್ನಲು ಕೊಟ್ಟರಂತೆ.

ಅಲ್ಲಿವರೆಗೆ ಎಷ್ಟು ಕರೆದರೂ ಬಾರದಿದ್ದ ಹುಡುಗಿ ರಜೆ ಮುಗಿದ ಮೇಲೆ ಶಾಲೆಗೆ ಬಂದಳು. ಲೆಕ್ಕ ಮೊದಲಿನಷ್ಟೇ ಚುರುಕು, ಆದರೆ ಉತ್ತರ ಹೇಳುವ ಮೊದಲು ಈಗ ಒಂದು ಗಳಿಗೆ ಟೀಚರ್ ಮುಖ ನೋಡುತ್ತಾಳೆ.

ನಾಗಭೂಷಣ್ ಹೋಗಿ ಬಂದದ್ದನ್ನು ಕೇಳಿ, ಈಗಲಾದರೂ ಸಿಟ್ಟು ಇಳಿಯಿತಾ ಅಂತ ಒಮ್ಮೆ ಊಟದ ಹೊತ್ತಲ್ಲಿ ಕೇಳಿದೆ. ಅವರು ಡಬ್ಬಿ ಮುಚ್ಚಿದರು.

"ಇಲ್ಲ. ಕ್ಷಮೆ ಕೇಳಿದವನು ತಪ್ಪು ಮಾಡಿದವನಲ್ಲ," ಅಂದರು, ಬಹಳ ಮೆಲ್ಲಗೆ.